ಬಾಲ್ಡ್ ಹಿಲ್ಸ್ ಗಾಳಿಯಂತ್ರ ಸದ್ದಿನ ವ್ಯಾಜ್ಯ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ದಕ್ಷಿಣ ಗಿಪ್ಸ್‌ಲ್ಯಾಂಡಿನಲ್ಲಿ, ಟಾರ್ವಿನ್ ಲೋವರ್ ಎಂಬ ಊರಿನ ಬಳಿ ಗಾಳಿಯಂತ್ರಗಳ ಸದ್ದಿನ ವಿರುದ್ಧ ನೆರೆಹೊರೆಯವರು ಹೂಡಿ ಗೆದ್ದ ಮೊಕದ್ದಮೆ. ಇಲ್ಲಿನ ಬಾಲ್ಡ್ ಹಿಲ್ಸ್ ಗಾಳಿ ವಿದ್ಯುತ್ ಸ್ಥಾವರದ 52 ಯಂತ್ರಗಳು 2015ರಲ್ಲಿ ತಿರುಗತೊಡಗಿದವು. ರಾತ್ರಿ ನಿದ್ದೆ ಕೆಡುತ್ತಿದೆ ಎಂಬ ದೂರುಗಳು ಬೆನ್ನಲ್ಲೇ ಬಂದವು.

ಈ ಬಗೆಯ ಜಗಳ ಬರೀ ಡೆಸಿಬೆಲ್ ಲೆಕ್ಕದಲ್ಲಿ ಮುಗಿಯುವುದಿಲ್ಲ. ರೆಕ್ಕೆಗಳ ಸದ್ದು ಅಲೆಯಂತೆ ಏರಿ ಇಳಿಯುತ್ತದೆ. ಒಂದೇ ಸಮನಾದ ಮೊರೆತಕ್ಕೆ ಒಗ್ಗುವ ಕಿವಿ ಇದಕ್ಕೆ ಸುಲಭವಾಗಿ ಒಗ್ಗದು. ರಾತ್ರಿ ನೆಲದ ಬಳಿ ಗಾಳಿ ಅಡಗಿದರೂ ಎತ್ತರದಲ್ಲಿ ಬೀಸುತ್ತಲೇ ಇರಬಹುದು. ಆಗ ಎಲೆಗಳ ಸರಸರವೂ ಇಲ್ಲದ ಹಳ್ಳಿಯ ಮೌನದಲ್ಲಿ ಯಂತ್ರದ ದನಿಯೊಂದೇ ಉಳಿಯುತ್ತದೆ. ಪೇಟೆಯವರಿಗೆ ಇದು ಅತಿರೇಕದ ದೂರೆನಿಸಿದರೆ ಅಚ್ಚರಿಯಿಲ್ಲ.

ಗಾಳಿಯಂತ್ರಗಳಿಂದ ಆರೋಗ್ಯ ಕೆಡುತ್ತದೆ ಎನ್ನಲು ಸುಸಂಗತ ಪುರಾವೆಯಿಲ್ಲವೆಂದು ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಹೇಳಿತ್ತು. ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಬೇರೆ: ಮನೆಯಲ್ಲಿ ನೆಮ್ಮದಿಯಾಗಿ ಮಲಗುವ ಹಕ್ಕಿಗೆ ಧಕ್ಕೆಯಾಯಿತೇ? ಆಗಿದೆಯೆಂದು ವಿಕ್ಟೋರಿಯಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮೆಲಿಂಡಾ ರಿಚರ್ಡ್ಸ್ 2022ರ ಮಾರ್ಚಿನಲ್ಲಿ ತೀರ್ಪಿತ್ತು, ಇಬ್ಬರು ಫಿರ್ಯಾದಿಗಳಿಗೆ ಒಟ್ಟು 2,60,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಿಸಿದರು. ರಾತ್ರಿಯ ಸದ್ದಿನ ಉಪದ್ರವಕ್ಕೆ ತಡೆಯಾಜ್ಞೆಯನ್ನೂ ವಿಧಿಸಿ, ಸರಿಪಡಿಸಿಕೊಳ್ಳಲು ಯಂತ್ರಗಳನ್ನು ನಡೆಸುವ ಕಂಪನಿಗೆ 3 ತಿಂಗಳ ಕಾಲಾವಕಾಶ ಕೊಟ್ಟರು.