ಹೋಟಲಿನ ಬಾಗಿಲಿಗೆ ಬಂದ ಅಕ್ಷರ

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ನಮ್ಮ ಹಿರಿಯರ ಮಾತು. ಮನೆಯ ಒಲೆಯ ಮುಂದೆ ಕುಳಿತು ಉಣ್ಣುತ್ತಿದ್ದ ಕಾಲದಲ್ಲಿ ಈ ಮಾತನ್ನು ನಡೆಸುವುದು ಸುಲಭವಾಗಿತ್ತು. ಅಕ್ಕಿ ತೊಳೆದವರು ಯಾರು, ನೀರು ಯಾವ ಬಾವಿಯದು ಎಂಬುದು ಉಣ್ಣುವವನಿಗೆ ಗೊತ್ತಿರುತ್ತಿತ್ತು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿಯಂಥ ಮಹಾನಗರವನ್ನು ಸೇರಿದ ನಮ್ಮಂಥವರಿಗಾದರೋ ಹೋಟಲೇ ಎರಡನೆಯ ಅಡಿಗೆಮನೆ. ಆ ಅಡಿಗೆಮನೆಯನ್ನು ಮಾತ್ರ ನಾವು ಕಾಣುವುದಿಲ್ಲ. ಕಾಣುವುದು ಮೇಜು ಮತ್ತು ತಟ್ಟೆ ಅಷ್ಟೇ. ಗೋಡೆಯಾಚೆಯ ಸಂಗತಿಯನ್ನು ಗಿರಾಕಿಗೆ ತಿಳಿಸಲು ನಡೆದ ಪ್ರಯತ್ನಗಳ ಚರಿತ್ರೆ ಸ್ವಾರಸ್ಯವಾದದ್ದು. ದರ್ಜೆ ಕಡಮೆಯೆಂದು ತಿಳಿದ ಮೇಲೂ ಜನ ಅಲ್ಲಿಯೇ ಏಕೆ ಉಣ್ಣುತ್ತಾರೆ ಎಂಬ ಪ್ರಶ್ನೆಯೂ ಆ ಚರಿತ್ರೆಯಲ್ಲಿ ಅಡಗಿದೆ.

ಈ ವಿಷಯದಲ್ಲಿ ಹೆಸರಾದ ಊರು ಅಮೆರಿಕದ ಲಾಸ್ ಏಂಜಲೀಸ್. ಅಲ್ಲಿ ಆರೋಗ್ಯ ಇಲಾಖೆಯ ತಪಾಸಣೆ ಹಿಂದಿನಿಂದಲೂ ಇತ್ತು. ಆದರೆ ವರದಿ ಕಚೇರಿಯ ಕಡತದಲ್ಲಿ ಉಳಿಯುತ್ತಿತ್ತು; ಉಣ್ಣುವವನ ಕಣ್ಣಿಗೆ ಬೀಳುತ್ತಿರಲಿಲ್ಲ. 1997ರ ನವೆಂಬರಿನಲ್ಲಿ ಅಲ್ಲಿಯ ದೂರದರ್ಶನ ಕೇಂದ್ರವೊಂದು ಹೋಟಲುಗಳ ಅಡಿಗೆಮನೆಯೊಳಕ್ಕೆ ಗುಪ್ತ ಕ್ಯಾಮೆರಾ ಒಯ್ದು, ಅಲ್ಲಿಯ ಕೊಳಕನ್ನು ಊರಿಗೆಲ್ಲ ತೋರಿಸಿತು. ಜನ ರೊಚ್ಚಿಗೆದ್ದರು. ತತ್ಪರಿಣಾಮವಾಗಿ 1998ರ ಜನವರಿಯಿಂದ ತಪಾಸಣೆಯ ಅಂಕಕ್ಕೆ ಅನುಗುಣವಾದ ಅಕ್ಷರವನ್ನು ಬಾಗಿಲಲ್ಲಿಯೇ ತೂಗುಹಾಕುವ ಕ್ರಮ ಬಂದಿತು. ನೂರಕ್ಕೆ 90 ಮತ್ತು ಮೇಲೆ ಬಂದರೆ ಎ. 80ರಿಂದ 89 ಬಂದರೆ ಬಿ. 70ರಿಂದ 79 ಬಂದರೆ ಸಿ.

ಫಲವೇನಾಯಿತು? ಜಿಂಜರ್ ಜಿನ್ ಮತ್ತು ಫಿಲಿಪ್ ಲೆಸ್ಲಿ ಎಂಬ ಅರ್ಥಶಾಸ್ತ್ರಜ್ಞರು 2003ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಹೋಟಲುಗಳ ಶುಚಿತ್ವದ ಅಂಕ ಏರಿತು, ಎ ಪಡೆದವರ ವ್ಯಾಪಾರ ನೂರಕ್ಕೆ 5.7ರಷ್ಟು ಹೆಚ್ಚಿತು, ಆಹಾರದಿಂದ ರೋಗ ತಗುಲಿ ಆಸ್ಪತ್ರೆ ಸೇರುವವರು ಸುಮಾರು ಐದರಲ್ಲೊಂದು ಪಾಲು ಕಡಮೆಯಾದರು. ಆದರೆ 2019ರಲ್ಲಿ ಡೇನಿಯಲ್ ಹೋ ಮತ್ತು ಸಂಗಡಿಗರು ಅದೇ ಲೆಕ್ಕವನ್ನು ಮತ್ತೆ ತಿರುವಿಹಾಕಿದರು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಆ ಸೀಮೆಯಲ್ಲಿ ಹಬ್ಬಿದ್ದ ಸಾಲ್ಮೊನೆಲ್ಲಾ ಸೋಂಕು ಇಳಿದುದನ್ನು ಅಕ್ಷರದ ಖಾತೆಗೆ ಜಮಾ ಮಾಡಬಾರದೆಂದು ಅವರು ವಾದಿಸಿದರು. ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಆಡಿಟರು ಬಂದ ದಿನದ ಲೆಕ್ಕ ಆ ದಿನದ್ದು. ಮರುದಿನದ್ದಕ್ಕೆ ಅದು ಹೊಣೆಯಲ್ಲ. ಹಾಗೆಂದು ಆಡಿಟೇ ಬೇಡವೆನ್ನುವ ಬ್ಯಾಂಕಿನಲ್ಲಿ ಯಾರೂ ಹಣ ಇಡಲಾರರು.

ಮೊದಲಿನ ಲೆಕ್ಕದಲ್ಲಿ ಇನ್ನೊಂದು ಸಂಗತಿಯಿದೆ. ಸಿ ಪಡೆದ ಹೋಟಲುಗಳ ವ್ಯಾಪಾರ ಇಳಿದದ್ದು ನೂರಕ್ಕೆ ಒಂದರಷ್ಟು ಮಾತ್ರ! ಬಾಗಿಲ ಮೇಲೆ ಅಕ್ಷರ ಕಾಣುತ್ತಿದ್ದರೂ ಜನ ಒಳಗೆ ಹೋದರು. ಅಗ್ಗದ ಬೆಲೆ, ನಾಲಗೆಗೆ ಹಿಡಿದ ರುಚಿ, ತಮ್ಮ ಭಾಷೆಯಾಡುವ ಮಾಲೀಕ, ಇವೆಲ್ಲ ಅಕ್ಷರಕ್ಕಿಂತ ಬಲವಾದುವು. ಎ ಇದ್ದಲ್ಲಿ ಸಿಕ್ಕುವುದು ಅಮೆರಿಕದವರಿಗಾಗಿ ಮಾಡಿದ ಚೀನೀ ಊಟ, ಸಿ ಇದ್ದಲ್ಲಿ ಸಿಕ್ಕುವುದೇ ಅಪ್ಪಟ ಚೀನೀ ಊಟ ಎಂದು ಅಲ್ಲಿಯ ಜನ ನಗೆಯಾಡುತ್ತಿದ್ದರು. ವಲಸೆ ಬಂದವರಿಗೆ ಈ ನಗೆಯ ಒಳಗಿನ ನೋವು ತಿಳಿಯದೆ ಇರದು. ನಮ್ಮ ಅಡಿಗೆಯ ಕ್ರಮವರಿಯದ ಅಧಿಕಾರಿ ಅಂಕ ಕಳೆದರೆ ಅದು ನ್ಯಾಯವೆ?

ಈ ಪ್ರಶ್ನೆಯನ್ನು ಚೀನೀಯರು ಮೊದಲೇ ಎತ್ತಿ ಗೆದ್ದಿದ್ದರು. (ಸಸ್ಯಾಹಾರಿ ಓದುಗರು ಮನ್ನಿಸಬೇಕು.) ಸುಟ್ಟ ಬಾತುಕೋಳಿಯನ್ನು ಅಂಗಡಿಯಲ್ಲಿ ತೂಗುಹಾಕಿ ಮಾರುವುದು ಅವರ ಹಳೆಯ ಪದ್ಧತಿ. ಅಡಿಗೆಯನ್ನು ಬಹಳ ತಂಪಾಗಿ ಅಥವಾ ಬಹಳ ಬಿಸಿಯಾಗಿ ಇಡಬೇಕೆಂಬ ಕ್ಯಾಲಿಫೋರ್ನಿಯದ ನಿಯಮಕ್ಕೆ ಇದು ವಿರುದ್ಧವಾಗಿತ್ತು. ವ್ಯಾಪಾರಿಗಳು ಬರಿಯ ಸಂಪ್ರದಾಯದ ಹೆಸರು ಹೇಳಿ ಕೂಡಲಿಲ್ಲ. ತಮ್ಮ ಪದಾರ್ಥ ಅಪಾಯಕರವಲ್ಲವೆಂದು ಪರೀಕ್ಷೆಯ ಆಧಾರದಿಂದ ವಾದಿಸಿದರು. 1982ರಲ್ಲಿ ಶಾಸನಸಭೆ ಅವರಿಗೆ ವಿನಾಯಿತಿ ಕೊಟ್ಟಿತು.

ನಮ್ಮ ಅಡಿಗೆಯನ್ನೂ ಇದೇ ತಕ್ಕಡಿಯಲ್ಲಿ ತೂಗೋಣ. ಇಡ್ಲಿಯ ಹಿಟ್ಟು ರಾತ್ರಿಯೆಲ್ಲ ಹೊರಗೇ ಇರುತ್ತದೆ, ಅದು ದೋಷವಲ್ಲ. ಹುಳಿ ಬಂದ ಹಿಟ್ಟಿನಲ್ಲಿ ಕೆಟ್ಟ ಕ್ರಿಮಿಗಳು ಸುಲಭವಾಗಿ ಬೆಳೆಯಲಾರವು. ಮೇಲೆ ಅದು ಹಬೆಯಲ್ಲಿ ಬೇಯುತ್ತದೆ. ಆದರೆ ಬೆಳಿಗ್ಗೆ ರುಬ್ಬಿದ ತೆಂಗಿನಕಾಯಿ ಚಟ್ನಿಯನ್ನು ಸಂಜೆಯವರೆಗೆ ಬಡಿಸುವುದು, ಮಧ್ಯಾಹ್ನದ ಅನ್ನವನ್ನು ಹೊರಗೇ ಇಟ್ಟು ರಾತ್ರಿ ಚಿತ್ರಾನ್ನ ಮಾಡುವುದು, ಒಂದೇ ಬಕೆಟ್ಟಿನ ನೀರಿನಲ್ಲಿ ನೂರು ಲೋಟ ಅದ್ದುವುದು ಯಾವ ಸಂಪ್ರದಾಯವೂ ಅಲ್ಲ. ಮೊದಲನೆಯದಕ್ಕೆ ಅಂಕ ಕಳೆದರೆ ನಾವು ವಾದಿಸಬೇಕು. ಎರಡನೆಯದಕ್ಕೆ ಕಳೆದರೆ ತಲೆಬಾಗಬೇಕು.

ಈ ವಿವೇಕ ಕನ್ನಡಿಗರಿಗೆ ಹೊಸದಲ್ಲ. ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಉಪಾಹಾರ ಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಪ್ರಸಿದ್ಧವಾಯಿತು. ಅದರ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಹೋಟಲುಗಳ ಶುಚಿತ್ವವನ್ನು ನೋಡಿ ಬಂದರು. ಪಾತ್ರೆಗಳನ್ನು ಹಬೆಯಿಂದ ಶುದ್ಧಿಮಾಡುವ ಕ್ರಮವನ್ನು ತಮ್ಮಲ್ಲಿ ತಂದರು. ಗಿರಾಕಿ ಅಡಿಗೆಮನೆಯನ್ನು ಹಾದು ಊಟದ ಕೋಣೆಗೆ ಹೋಗುವ ಪದ್ಧತಿಯೂ ಅಲ್ಲಿ ನಡೆದುಬಂದಿತು. ಲಾಸ್ ಏಂಜಲೀಸಿನ ಬಾಗಿಲಿಗೆ ಅಕ್ಷರ ಬರುವುದಕ್ಕೆ ಎಷ್ಟೋ ಮುಂಚೆ ನಮ್ಮವರು ಬಾಗಿಲನ್ನೇ ತೆರೆದಿಟ್ಟಿದ್ದರು! ಕಣ್ಣಾರೆ ಕಂಡವನಿಗೆ ಅಕ್ಷರದ ಹಂಗೇಕೆ?

ಭಾರತದಲ್ಲಿ 1954ರ ಕಲಬೆರಕೆ ತಡೆ ಶಾಸನದ ಸ್ಥಾನಕ್ಕೆ 2006ರ ಆಹಾರ ಸುರಕ್ಷತೆ ಶಾಸನ ಬಂದಿದೆ. ಅದರ ಮೇರೆಗೆ ಹೋಟಲಿನವರು ಹದಿನಾಲ್ಕು ಅಂಕಿಯ ಪರವಾನಗಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಐದರವರೆಗಿನ ಅಂಕದ ಶುಚಿತ್ವ ದರ್ಜೆಯ ಯೋಜನೆಯನ್ನೂ ಆಹಾರ ಪ್ರಾಧಿಕಾರ ತಂದಿದೆ. ಗಿರಾಕಿ ಕೇಳದಿದ್ದರೆ ಇವು ಗೋಡೆಯ ಅಲಂಕಾರವಾಗಿಯೇ ಉಳಿಯುತ್ತವೆ.

ಮುಂಬಯಿಯಲ್ಲಿ ಉಡುಪಿ ಹೋಟಲೆಂದರೆ ಜನರಿಗೆ ಒಂದು ನಂಬಿಕೆ. ತಲೆಮಾರುಗಳ ಬೆವರಿನಿಂದ ಗಳಿಸಿದ ಠೇವಣಿ ಅದು. ನಮ್ಮವನ ಹೋಟಲು, ಹೇಗಿದ್ದರೂ ನಡೆಯುತ್ತದೆ ಎಂದು ನಾವು ಸುಮ್ಮನೆ ಉಂಡು ಬಂದರೆ ಆ ಠೇವಣಿ ದಿನದಿನಕ್ಕೆ ಕರಗುವುದು. ಅಲ್ಲಿ ಪಾತ್ರೆ ತೊಳೆಯುವ ಊರ ಹುಡುಗನಿಗೂ ಕೇಡು. ಗಲ್ಲೆಯ ಮೇಲಿರುವ ಯಜಮಾನರನ್ನು ಒಮ್ಮೆ ವಿನಯದಿಂದ ಕೇಳೋಣ: "ಸ್ವಾಮೀ, ಅಡಿಗೆಮನೆ ನೋಡಬಹುದೆ?" ಬನ್ನಿರೆಂದು ಕರೆದೊಯ್ಯುವವರ ಹೋಟಲು ಬೆಳೆಯಲಿ. ಇಲ್ಲವೆನ್ನುವವರಿಗೆ, ಮುಂದಿನ ಸಲವೂ ಕೇಳುತ್ತೇವೆಂದು ತಿಳಿದಿರಲಿ. ಕನ್ನಡಿಗರ ಹೋಟಲಿಗೂ ಕನ್ನಡಿಗ ಗಿರಾಕಿಗೂ ನಾವು ಹಾರೈಸುವುದು ಇಷ್ಟೇ.