ಕೊಲೆಸ್ಟ್ರಾಲ್ ಮಾತ್ರೆ ಏನು ಮಾಡುತ್ತದೆ?

ಉಪ್ಪಳ, ಕುಂಬಳೆ, ಕಾಸರಗೋಡಿನ ಮೆಡಿಕಲ್‌ಗಳಲ್ಲಿ ಡಾಕ್ಟರ ಚೀಟಿಗೆ ಸಿಗುವ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಎರಡೂ ಸ್ಟಾಟಿನ್ ಗುಂಪಿನವು. ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಬೂಷ್ಟಿನಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದರು.

ಕೊಲೆಸ್ಟ್ರಾಲ್ ಬರೇ ಬಿರಿಯಾನಿಯಿಂದ ಬರುವುದಲ್ಲ, ಹೆಚ್ಚಿನದ್ದನ್ನು ದೇಹವೇ ತಯಾರಿಸುತ್ತದೆ. ಅದಕ್ಕೆ ಲಿವರಿನಲ್ಲಿ ಬೇಕಾದ ಒಂದು ಕಿಣ್ವವನ್ನು ಈ ಮಾತ್ರೆ ತಡೆಯುತ್ತದೆ. ಆಗ ಲಿವರ್ ತನಗೆ ಬೇಕಾದ್ದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಇಳಿಯುತ್ತದೆ.

ಕೆಲವರಿಗೆ ಮೈಕೈ ನೋವು ಬರಬಹುದು, ಶುಗರ್ ಸ್ವಲ್ಪ ಏರಬಹುದು. ಜೋರು ಸ್ನಾಯು ನೋವಿನೊಂದಿಗೆ ಮೂತ್ರದ ಬಣ್ಣ ಕಪ್ಪಾದರೆ ತಡಮಾಡದೆ ಡಾಕ್ಟರಲ್ಲಿಗೆ ಹೋಗಿ. ಇದು ಬಹಳ ಅಪರೂಪ, ಆದರೆ ಕಿಡ್ನಿಗೆ ಅಪಾಯ. ಗರ್ಭಿಣಿಯರು ಡಾಕ್ಟರಲ್ಲಿ ಕೇಳದೆ ಮುಂದುವರಿಸಬಾರದು.

ರಿಪೋರ್ಟ್ ನಾರ್ಮಲ್ ಬಂತೆಂದು ಮಾತ್ರೆ ಬಿಡುವವರೇ ನಮ್ಮಲ್ಲಿ ಜಾಸ್ತಿ. ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮತ್ತೆ ಏರುತ್ತದೆ. ಉಪವಾಸವೆಂದೂ ಬಿಡಬೇಕಾಗಿಲ್ಲ. ಈ ಎರಡೂ ದಿನಕ್ಕೊಂದೇ ಸಲದ ಮಾತ್ರೆಗಳು, ಇಫ್ತಾರ್ ನಂತರ ತಗೊಂಡರೂ ಆಗುತ್ತದೆ.