ಕ್ಯಾಲ್ಸಿಯಂ ಫಾಸ್ಫೇಟ್ ಪುಡಿಗಳ ಸಂಶ್ಲೇಷಣೆ

ಕ್ಯಾಲ್ಸಿಯಂ ಫಾಸ್ಫೇಟ್ ಪುಡಿಗಳ ಸಂಶ್ಲೇಷಣೆ ಎಂಬುದು ಮೂಳೆಗೆ ಬದಲಿಯಾಗಿ ಅಳವಡಿಸುವ ಸೆರಾಮಿಕ್ ವಸ್ತುಗಳ ಮೂಲಪುಡಿಯನ್ನು ತಯಾರಿಸುವ ರಾಸಾಯನಿಕ ಪ್ರಕ್ರಿಯೆ. ಮೂಳೆಯ ಖನಿಜಭಾಗವು ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟನ್ನು ಹೋಲುವುದರಿಂದ ಈ ವರ್ಗದ ವಸ್ತುಗಳನ್ನು ದೇಹವು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಮೂಳೆಯ ಬೆಳವಣಿಗೆಗೆ ಕ್ಯಾಲ್ಸಿಯಂ ಫಾಸ್ಫೇಟ್ ನೆರವಾಗುವುದೇ ಎಂಬ ಬಗ್ಗೆ ಅಮೆರಿಕದ ಶಸ್ತ್ರವೈದ್ಯ ಫ್ರೆಡ್ ಆಲ್ಬೀ ಮತ್ತು ಮಾರಿಸನ್ 1920ರಲ್ಲಿಯೇ ವರದಿ ಪ್ರಕಟಿಸಿದ್ದರು.

ಅನುಪಾತದ ಮಹತ್ವ

ಪುಡಿಯ ಗುಣವನ್ನು ಮುಖ್ಯವಾಗಿ ನಿರ್ಧರಿಸುವುದು ಕ್ಯಾಲ್ಸಿಯಂ ಮತ್ತು ರಂಜಕ ಪರಮಾಣುಗಳ ಅನುಪಾತ. ಹೈಡ್ರಾಕ್ಸಿಅಪಟೈಟ್‌ನಲ್ಲಿ ಇದು 1.67, ಈ ವಸ್ತು ದೇಹದಲ್ಲಿ ಬಹಳ ನಿಧಾನವಾಗಿ ಕರಗುತ್ತದೆ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್‌ನಲ್ಲಿ ಅನುಪಾತ 1.5, ಇದು ಬೇಗ ಕರಗಿ ಹೊಸ ಮೂಳೆಗೆ ಸ್ಥಳ ಬಿಡುತ್ತದೆ. ಕ್ಯಾಲ್ಸಿಯಂ ಹೆಚ್ಚಾದರೆ, ಕಾಯಿಸಿದಾಗ ಸುಣ್ಣ ಉಳಿದು, ಅದು ಮುಂದೆ ತೇವವನ್ನು ಹೀರಿ ಉಬ್ಬಿ, ವಸ್ತು ಬಿರುಕು ಬಿಡಬಹುದು.

ವಿಧಾನಗಳು

ಅವಕ್ಷೇಪನ ವಿಧಾನ: ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣಕ್ಕೆ ಡೈಅಮೋನಿಯಂ ಹೈಡ್ರೋಜನ್ ಫಾಸ್ಫೇಟ್ ದ್ರಾವಣವನ್ನು ನಿಧಾನವಾಗಿ ಸೇರಿಸಿ, ಅಮೋನಿಯಾದಿಂದ ಪಿಎಚ್ ಮೌಲ್ಯವನ್ನು ಸುಮಾರು 10ರಲ್ಲಿ ಕಾಯ್ದುಕೊಳ್ಳಲಾಗುತ್ತದೆ. ತಳದಲ್ಲಿ ನಿಂತ ಬಿಳಿ ಅವಕ್ಷೇಪವನ್ನು ಹಲವು ಗಂಟೆ ಬಿಟ್ಟು, ಸೋಸಿ, ತೊಳೆದು, ಒಣಗಿಸಿ, ಕುಲುಮೆಯಲ್ಲಿ ಕಾಯಿಸುತ್ತಾರೆ.

ದ್ರಾವಣ ದಹನ ವಿಧಾನ: ಇದಕ್ಕೆ ಕರ್ನಾಟಕದ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಸಿ. ಪಾಟೀಲ ಮತ್ತು ಜೆ. ಜೆ. ಕಿಂಗ್ಸ್ಲಿ ಲೋಹದ ನೈಟ್ರೇಟ್ ಹಾಗೂ ಯೂರಿಯಾ ದ್ರಾವಣವನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ನ ಕುಲುಮೆಯಲ್ಲಿ ಉರಿಸಿ, ಕೆಲವೇ ನಿಮಿಷಗಳಲ್ಲಿ ನುಣ್ಣನೆಯ ಅಲ್ಯೂಮಿನಾ ಪುಡಿ ಪಡೆಯುವ ವಿಧಾನವನ್ನು 1988ರಲ್ಲಿ ಪ್ರಕಟಿಸಿದರು. ಯೂರಿಯಾ ಇಂಧನವಾಗಿಯೂ ನೈಟ್ರೇಟ್ ಉತ್ಕರ್ಷಕವಾಗಿಯೂ ವರ್ತಿಸುತ್ತವೆ. ಹೊರಬರುವ ಅನಿಲಗಳಿಂದ ಪುಡಿ ಹಗುರವಾಗಿ ನೊರೆಯಂತೆ ಉಬ್ಬುತ್ತದೆ. ಮುಂದೆ ಇದೇ ತತ್ತ್ವವನ್ನು ಕ್ಯಾಲ್ಸಿಯಂ ಫಾಸ್ಫೇಟ್‌ಗಳಿಗೂ ಅನ್ವಯಿಸಲಾಯಿತು. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಲವಣಗಳು ಮೊದಲೇ ಅವಕ್ಷೇಪವಾಗದಂತೆ ಇಲ್ಲಿ ನೈಟ್ರಿಕ್ ಆಮ್ಲ ಸೇರಿಸುತ್ತಾರೆ. ಉಳಿದ ಇಂಗಾಲವನ್ನು ತೆಗೆಯಲು ಪುಡಿಯನ್ನು ಮತ್ತೆ ಕಾಯಿಸಬೇಕಾಗುತ್ತದೆ.

ನೀರಿನ ಶುದ್ಧತೆ

ಫ್ಲೋರೈಡ್ ಅಯಾನು ಅಪಟೈಟ್ ಸ್ಫಟಿಕದಲ್ಲಿ ಹೈಡ್ರಾಕ್ಸಿಲ್‌ನ ಸ್ಥಾನವನ್ನು ಸುಲಭವಾಗಿ ಆಕ್ರಮಿಸಿ, ಕರಗುವಿಕೆಯನ್ನು ಕಡಿಮೆ ಮಾಡುತ್ತದೆ. ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶಗಳಿರುವ ಕೋಲಾರ ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್, ಲೀಟರಿಗೆ 1.5 ಮಿಲಿಗ್ರಾಂ ಎಂಬ ಭಾರತೀಯ ಮಾನಕದ ಗರಿಷ್ಠ ಮಿತಿಯನ್ನು ಮೀರಿದೆ. ಇಂತಹ ನೀರನ್ನು ದೀರ್ಘಕಾಲ ಕುಡಿದವರ ಮೂಳೆಯಲ್ಲಿಯೂ ಇದೇ ಬಗೆಯ ಬದಲಾವಣೆ ನಡೆದು, ಅತಿಯಾದಾಗ ಅಸ್ಥಿ ಫ್ಲೋರೋಸಿಸ್ ಉಂಟಾಗುತ್ತದೆ. ಆದ್ದರಿಂದ ಸಂಶ್ಲೇಷಣೆಗೆ ಅಯಾನುರಹಿತ ನೀರನ್ನೇ ಬಳಸಬೇಕು.

ಪರೀಕ್ಷೆ ಮತ್ತು ಬಳಕೆ

ಪುಡಿಯಲ್ಲಿರುವ ಸ್ಫಟಿಕಗಳನ್ನು ಎಕ್ಸ್-ಕಿರಣ ವಿವರ್ತನೆಯಿಂದಲೂ ರಾಸಾಯನಿಕ ಗುಂಪುಗಳನ್ನು ಅವಕೆಂಪು ರೋಹಿತದಿಂದಲೂ ಗುರುತಿಸುತ್ತಾರೆ. ಶಸ್ತ್ರಚಿಕಿತ್ಸೆಗೆ ಬಳಸುವ ಹೈಡ್ರಾಕ್ಸಿಅಪಟೈಟ್‌ನಲ್ಲಿ ಹತ್ತು ಲಕ್ಷ ಭಾಗಗಳಿಗೆ ಆರ್ಸೆನಿಕ್ 3 ಮತ್ತು ಸೀಸ 30 ಭಾಗಗಳನ್ನು ಮೀರಬಾರದು. ಈ ವಸ್ತುಗಳು ಪೆಡಸಾಗಿರುವುದರಿಂದ ಹೆಚ್ಚು ಭಾರ ಹೊರುವ ಮೂಳೆಗೆ ಇವನ್ನಷ್ಟೇ ಬಳಸುವುದಿಲ್ಲ. ಮೂಳೆಯ ಕುಳಿ ತುಂಬುವ ಹರಳುಗಳಾಗಿ, ದಂತಚಿಕಿತ್ಸೆಯಲ್ಲಿ ಹಾಗೂ ಟೈಟಾನಿಯಂ ಕೀಲುಗಳ ಲೇಪನವಾಗಿ ಬಳಸಲಾಗುತ್ತದೆ.